ಆಪ್ತಸಲಹೆ ಪ್ರಕರಣ: ಭಾನುವಾರ ಸಂಜೆಯ ಸಂಕಟ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಅಂಚಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ, ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗಿ ರಾತ್ರಿ ನಿದ್ದೆ ಬರುವುದಿಲ್ಲವೆಂದು ಹೇಳಿಕೊಂಡು ಬಂದಿದ್ದರು. ವೈದ್ಯರ ತಪಾಸಣೆಯಲ್ಲಿ ದೈಹಿಕ ಕಾರಣ ಸಿಕ್ಕಿರಲಿಲ್ಲ. ಎಪ್ಪತ್ತು ಮಕ್ಕಳಿರುವ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಂತೆ ಮೂವರು ಶಿಕ್ಷಕರಿರಬೇಕು. ಅಲ್ಲಿ ಒಂದು ಹುದ್ದೆ ಖಾಲಿಯಿತ್ತು, ಮುಖ್ಯ ಶಿಕ್ಷಕರು ಸಭೆ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ವಿವರಗಳ ಆನ್‌ಲೈನ್ ವ್ಯವಸ್ಥೆ) ದಾಖಲಾತಿಗಳಲ್ಲೇ ಮುಳುಗಿರುತ್ತಿದ್ದರು. ಹೀಗಾಗಿ ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯ) ಮಕ್ಕಳನ್ನೂ ನಾಲ್ಕು, ಐದನೇ ತರಗತಿಯವರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಇವರೊಬ್ಬರೇ ಪಾಠ ಮಾಡಬೇಕಾಗಿತ್ತು.

ಕೆಲಸದ ಹೊರೆಯೇ ಕಾರಣವೆಂದು ಅವರೂ ನಂಬಿದ್ದರು. ಎರಡನೇ ಭೇಟಿಯಲ್ಲಿ ಬೇರೊಂದು ವಿಷಯ ಹೊರಬಂತು. ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದ ಬಂದಿದ್ದ ದಂಪತಿಯ ಮಗ, ಅಕ್ಷರವೇ ಗೊತ್ತಿಲ್ಲದೆ ಸೇರಿದವನು, ದಸರಾ ರಜೆಯ ಹೊತ್ತಿಗೆ ತನ್ನ ಹೆಸರು ಬರೆಯುವಷ್ಟು ಕಲಿತಿದ್ದ. ರಜೆ ಮುಗಿದ ಮೇಲೆ ಅವನು ಬರಲಿಲ್ಲ, ಹೋಗಿ ನೋಡಿದರೆ ಶೆಡ್ ಖಾಲಿ. "ರಜೆಗೆ ಮುಂಚೆ ಅವನ ಮೇಲೆ ರೇಗಿದ್ದೆ ಮೇಡಂ, ಅದಕ್ಕೇ ಬರಲಿಲ್ಲವೇನೋ" ಎಂದರು. ಮಕ್ಕಳ ಕಲಿಕೆಯನ್ನು ಗುರುತಿಸುವ ಗೋಡೆಯ ಪ್ರಗತಿ ನೋಟದಲ್ಲಿ ಅವನ ಸಾಲು ಹಾಗೇ ಇತ್ತಂತೆ.

ಕಟ್ಟಡದ ಕೆಲಸ ಮುಗಿದು ಆ ದಂಪತಿ ಊರು ಬಿಟ್ಟಿದ್ದಕ್ಕೂ ಅಂದಿನ ಸಿಟ್ಟಿಗೂ ಸಂಬಂಧವಿಲ್ಲವೆಂಬುದು ಶಿಕ್ಷಕಿಗೂ ತಿಳಿದಿತ್ತು, ಆದರೆ ಆ ಅಗಲಿಕೆಗೆ ದುಃಖಪಡಲು ಪುರುಸೊತ್ತೇ ಸಿಗದೆ ಅದು ತಪ್ಪಿತಸ್ಥ ಭಾವನೆಯಾಗಿ ಬೆಳೆದಿತ್ತು. ಶಾಲೆಯ ಕೊರತೆಗಳಲ್ಲಿ ಯಾವುದು ಇಲಾಖೆಯ ಹೊಣೆ, ಯಾವುದು ತಮ್ಮದು ಎಂದು ಹಾಳೆಯ ಮೇಲೆ ಬರೆಯಿಸಿದೆ. ಅವರ ಪಾಲಿಗೆ ಉಳಿದದ್ದು ಪಾಠ ಮತ್ತು ಮಕ್ಕಳೊಂದಿಗೆ ಮಾತಾಡುವ ದನಿ ಎರಡೇ. ಅತಿಥಿ ಶಿಕ್ಷಕರಿಗಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಿ, ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಲು ಹೇಳಿದೆ. ಮತಗಟ್ಟೆ ಅಧಿಕಾರಿಯ ಕೆಲಸವನ್ನು ನಿರಾಕರಿಸಬಹುದೇ ಎಂದು ಕೇಳಿದರು. ಚುನಾವಣಾ ಕರ್ತವ್ಯಕ್ಕೆ ಶಿಕ್ಷಕರನ್ನು ಬಳಸಲು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಅವಕಾಶ ಕೊಟ್ಟಿರುವುದರಿಂದ ಆ ಜಗಳಕ್ಕೆ ಶಕ್ತಿ ವ್ಯಯಿಸಬೇಡಿ ಎಂದೆ. ಸಿಟ್ಟು ಹೆಚ್ಚಾಗಿ ಬರುತ್ತಿದ್ದುದು ಬಿಸಿಯೂಟದ ನಂತರ. ಆ ಹೊತ್ತಿನಲ್ಲಿ ದೊಡ್ಡ ಮಕ್ಕಳಿಗೆ ಜೋಡಿ ಓದು ಕೊಟ್ಟು, ಒಂದನೇ ತರಗತಿಯವರ ಜೊತೆ ನೆಲದ ಮೇಲೆ ಕುಳಿತುಬಿಡಿ ಎಂದೆ. ನಿಂತು ಕೂಗುವವರಿಗೆ ಕುಳಿತು ಕೂಗುವುದು ಕಷ್ಟ! ವಲಸೆ ಮಕ್ಕಳ ತಾಯಂದಿರಿಗೆ ಮಗುವಿನ ಎಸ್‌ಎಟಿಎಸ್ ಸಂಖ್ಯೆಯ ಚೀಟಿಯನ್ನು ಮೊದಲೇ ಕೊಟ್ಟು, ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಸೇರಿಸಿಕೊಳ್ಳದೆ ಇರುವಂತಿಲ್ಲವೆಂದು ತಿಳಿಸುವಂತೆಯೂ ಸೂಚಿಸಿದೆ. ನಿದ್ದೆ ಪೂರ್ತಿ ಕೆಟ್ಟ ರಾತ್ರಿಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ. ನಿದ್ದೆ ಸುಧಾರಿಸಿದೆ, ಸಂಕಟ ಕೆಲವು ಭಾನುವಾರ ಮಾತ್ರ ಬರುತ್ತದೆ. ತಿಂಗಳಿಗೊಮ್ಮೆಯ ಭೇಟಿ ಮುಂದುವರಿದಿದೆ.