ಮನೆ ಬದಲಾಯಿಸುವ ವಿಷಯ ತಿಳಿದ ಮೇಲೆ ಮಗಳು ಪ್ರಾರ್ಥನೆಗೆ ಕೂರುತ್ತಿಲ್ಲ: ಪ್ರತಿಕ್ರಿಯೆ

ಮನೆ ಬದಲಾಯಿಸುವ ವಿಷಯ ತಿಳಿದಾಗಿನಿಂದ ಏಳು ವರ್ಷದ ಮಗಳು ಪ್ರಾರ್ಥನೆಗೆ ಕೂರುತ್ತಿಲ್ಲ ಎಂದು ಬರೆದಿದ್ದೀರಿ. ಅವಳು ಪ್ರಾರ್ಥನೆ ಬಿಟ್ಟಿರುವುದು ದೇವರ ಮೇಲಿನ ಕೋಪಕ್ಕಲ್ಲ ಅನ್ನಿಸುತ್ತದೆ. "ದೇವರು ಮಾಡೋದೆಲ್ಲ ಒಳ್ಳೇದಕ್ಕೇ" ಎಂದು ನೀವು ಸಮಾಧಾನ ಹೇಳಿದ್ದು ಅವಳಿಗೆ "ಅಳಬೇಡ, ಸುಮ್ಮನಿರು" ಎಂದೇ ಕೇಳಿಸಿರಬೇಕು. ಸದ್ಯಕ್ಕೆ ಆ ಮಾತು ಬದಿಗಿಡಿ.

ಇವತ್ತು ಮಲಗಿಸುವಾಗ, "ಈ ಮನೆ ಬಿಡೋಕೆ ನನಗೂ ಬೇಜಾರು. ನಿನಗೆ ಯಾವುದು ತುಂಬಾ ಕಷ್ಟ ಪುಟ್ಟಿ?" ಎಂದು ಕೇಳಿ. ಅವಳು ಏನೇ ಹೇಳಲಿ, ಪರಿಹಾರ ಸೂಚಿಸಲು ಹೋಗಬೇಡಿ. ಅದನ್ನೇ ಪ್ರಾರ್ಥನೆ ಮಾಡಿ. ಗೆಳತಿಯನ್ನು ಬಿಡುವುದು ಕಷ್ಟ ಎಂದಳು ಅನ್ನಿ, ಆಗ: "ದೇವರೇ, ಗೆಳತಿನ ಬಿಟ್ಟು ಹೋಗೋಕೆ ಇವಳಿಗೆ ಇಷ್ಟವಿಲ್ಲ. ಜೊತೆಗಿರಪ್ಪ." ಅವಳು ಬಾಯಿ ಬಿಡದಿದ್ದರೂ ಸರಿ, ಒತ್ತಾಯ ಬೇಡ. ಹೊಸ ಜಾಗದಲ್ಲಿ ದೇವರು ಕೂಡಲೇ ಸ್ನೇಹಿತರನ್ನು ಕೊಡ್ತಾನೆ ಎಂಬ ಭರವಸೆಯನ್ನಂತೂ ಕೊಡಲೇಬೇಡಿ. ಹಾಗಾಗದಿದ್ದರೆ ಪೆಟ್ಟು ಬೀಳುವುದು ಅವಳ ನಂಬಿಕೆಗೆ.

ಕೃತಜ್ಞತೆ ಹಳೇ ಮನೆಯಿಂದಲೇ ಶುರುವಾಗಲಿ. ಕೊನೆಯ ವಾರ ದಿನಕ್ಕೊಂದು ಜಾಗವನ್ನು ಅವಳೇ ಆರಿಸಲಿ: ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟು, ಮಳೆ ನೋಡುತ್ತಿದ್ದ ಕಿಟಕಿ. ಅಲ್ಲಿ ನಿಂತು ಒಂದೇ ವಾಕ್ಯದ ಧನ್ಯವಾದ, ಒಂದು ಫೋಟೊ. ಅಷ್ಟು ಸಾಕು, ಉದ್ದವಾದರೆ ಅದು ಪಾಠವಾಗಿಬಿಡುತ್ತದೆ.

ಅವಳ ಹೊದಿಕೆ, ಗೊಂಬೆ, ರಾತ್ರಿ ದೀಪಗಳ ಪೆಟ್ಟಿಗೆಯನ್ನು ಗಾಡಿಗೆ ಕೊನೆಗೆ ಏರಿಸಿ, ಮೊದಲು ಇಳಿಸಿ. ಮೊದಲ ರಾತ್ರಿ ಉಳಿದ ಸಾಮಾನು ಹಾಗೇ ಬಿದ್ದಿರಲಿ, ಅವಳ ಹಾಸಿಗೆ ಸಿದ್ಧವಿರಲಿ. ಪ್ರಾರ್ಥನೆ ಎಂದಿನ ಹೊತ್ತಿಗೇ ನಡೆಯಲಿ.

ಹೊಂದಿಕೊಳ್ಳುವ ಸಮಯ ಒಂದೊಂದು ಮಗುವಿಗೆ ಒಂದೊಂದು ಥರ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.