ಇನ್ಸುಲಿನ್ ಮಾತ್ರೆ ಯಾಕಿಲ್ಲ? ಮಡಿಕೇರಿ ಮಳೆಗೆ ಎರಡು ದಿನ ಕರೆಂಟ್ ಹೋದರೆ ಅದು ಕೆಡುತ್ತಾ?
ಇನ್ಸುಲಿನ್ ಒಂದು ಪ್ರೋಟೀನ್, ಅದರಲ್ಲಿ 51 ಅಮೈನೋ ಆಮ್ಲಗಳಿವೆ. ನುಂಗಿದರೆ ಹೊಟ್ಟೆ ಅದನ್ನೂ ಪಂದಿ ಕರಿ ಥರ ಜೀರ್ಣಿಸಿಬಿಡುತ್ತದೆ. ಅದಕ್ಕೇ ಸೂಜಿ. ಸೆಮಾಗ್ಲುಟೈಡ್ ಅನ್ನೋ ಇನ್ನೊಂದು ಸಕ್ಕರೆ ಕಾಯಿಲೆ ಔಷಧ ಪ್ರೋಟೀನ್ ತುಣುಕಿನಂಥದ್ದೇ. ಅದು 2019ರಲ್ಲಿ ಮಾತ್ರೆಯಾಗಿ ಬಂತು. ಹೊಟ್ಟೆಯ ಒಳಪದರ ದಾಟಿಸಲು ಅದರ ಜೊತೆ ಬೇರೊಂದು ವಸ್ತು ಬೆರೆಸುತ್ತಾರೆ. ಅಷ್ಟು ಮಾಡಿದರೂ ರಕ್ತ ಸೇರುವುದು ನೂರರಲ್ಲಿ ಸುಮಾರು ಒಂದು ಪಾಲು ಮಾತ್ರ!

ಇನ್ನು ಕರೆಂಟ್ ವಿಷಯ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ನಿಜ. ಆದರೆ ಆಷಾಢದ ಮಡಿಕೇರಿಯ ಚಳಿಯಲ್ಲಿ ಎರಡು ದಿನ ಹೊರಗಿದ್ದರೆ ಕೆಡಲ್ಲ, ಗಾಬರಿ ಬೇಡ. ಜಾಸ್ತಿ ಭಯ ಫ್ರೀಜರ್‌ದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬೇಡಿ. ತಿಳಿ ಇನ್ಸುಲಿನ್ ಆದರೆ ಬೆಳಕಿಗೆ ಹಿಡಿದು ನೋಡಿ. ಮಬ್ಬಾಗಿದ್ದರೆ, ಸಣ್ಣ ಎಳೆ ತೇಲುತ್ತಿದ್ದರೆ ಎಸೆದುಬಿಡಿ.