ಹೊಬಾರ್ಟಿನ ಚಳಿಗಾಲದ ಊಟದ ಹಬ್ಬ, ನಮ್ಮ ಎರಿಹೊಲದ ಸೀತನಿ: ಅಣ್ಣಿಗೇರಿಯವರ ಪ್ರಶ್ನೆಗೆ ಉತ್ತರ

ಅಣ್ಣಿಗೇರಿಯ ಅಣ್ಣಾವರಿಗೆ ನಮಸ್ಕಾರ. ಟಾಸ್ಮೇನಿಯಾ ದ್ವೀಪದ ಹೊಬಾರ್ಟಿನಲ್ಲಿ ಓದುತ್ತಿರುವ ತಮ್ಮ ಮಗಳು ಅಲ್ಲಿಯ ಚಳಿಗಾಲದ ಊಟದ ಹಬ್ಬದ ಚಿತ್ರಗಳನ್ನು ಕಳುಹಿಸಿದ್ದಾಳೆ. ಬೆಂಕಿಯ ಸುತ್ತ, ಉದ್ದುದ್ದ ಮೇಜುಗಳಲ್ಲಿ ಸಾವಿರಾರು ಜನ ಕುಳಿತು ಉಣ್ಣುವುದನ್ನು ನೋಡಿದ ಮೇಲೆ, ಸೀತನಿಯ, ಅಂದರೆ ಕೆಂಡದಲ್ಲಿ ಸುಟ್ಟು ತಿನ್ನುವ ಎಳೆ ಜೋಳದ ಕಾಲಕ್ಕೆ, ನಮ್ಮ ಎರಿಹೊಲದಲ್ಲಿಯೂ (ಕಪ್ಪು ಮಣ್ಣಿನ ಹೊಲ) ಅಂಥದ್ದೊಂದನ್ನು ಏರ್ಪಡಿಸಿ ಹುಬ್ಬಳ್ಳಿ, ಗದಗದ ಜನರನ್ನು ಕರೆಯಬಹುದೇ, ಅದಕ್ಕೆ ಏನೇನು ಬೇಕು ಎಂದು ತಾವು ಕೇಳಿದ್ದೀರಿ. ಖಂಡಿತ ಮಾಡಬಹುದು. ಪ್ರತಿ ವರ್ಷ ನಮ್ಮ ಹೊಲದಲ್ಲಿ ಬಂಧುಬಳಗಕ್ಕೆ, ಪೇಟೆಯ ಸ್ನೇಹಿತರಿಗೆ ಸೀತನಿ ತಿನ್ನಿಸುವ ರೂಢಿ ಇರುವುದರಿಂದ ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ. ಆದರೆ ಆ ದ್ವೀಪದವರಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲು ಸ್ಪಷ್ಟವಾಗಬೇಕು.

ಟಾಸ್ಮೇನಿಯಾ ಭೂಮಿಯ ದಕ್ಷಿಣಾರ್ಧದಲ್ಲಿರುವುದರಿಂದ ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಜೂನ್ ಮೂರನೆಯ ವಾರದಲ್ಲಿ ಹೊಬಾರ್ಟಿನಲ್ಲಿ ಹಗಲು ಒಂಬತ್ತು ಗಂಟೆಯಷ್ಟು ಮಾತ್ರ ಇದ್ದು, ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲಿ ತಾವಾಗಿಯೇ ಬರುವ ಪ್ರವಾಸಿಗರು ಈ ತಿಂಗಳುಗಳಲ್ಲಿ ಕಡಿಮೆಯಾಗುತ್ತಾರೆ. ಅಲ್ಲಿಯ ಮೋನಾ ಎಂಬ ಕಲಾ ಸಂಗ್ರಹಾಲಯದವರು 2013ರಲ್ಲಿ ಡಾರ್ಕ್ ಮೋಫೋ ಎಂಬ ಚಳಿಗಾಲದ ಉತ್ಸವವನ್ನು ಆರಂಭಿಸಿದರು. ತಮ್ಮ ಮಗಳು ಕಳುಹಿಸಿದ ಚಿತ್ರಗಳು ಅದರ ಭಾಗವಾಗಿ ಬಂದರಿನ ದಂಡೆಯಲ್ಲಿ ನಡೆಯುವ ವಿಂಟರ್ ಫೀಸ್ಟ್‌ನವು. ಕತ್ತಲೆಯೇ ಅದರ ಆಕರ್ಷಣೆ. ಬೆಂಕಿ, ಕೆಂಪು ದೀಪ, ಸಂಗೀತ ಎಲ್ಲವೂ ಆ ದೀರ್ಘ ರಾತ್ರಿಗೆ ಹೊಂದುವಂತೆ ರೂಪುಗೊಂಡಿವೆ. ಅದರ ಹಿಂದೆ ಒಂದು ದೊಡ್ಡ ಸಂಸ್ಥೆಯೂ ಬಹಳಷ್ಟು ಹಣವೂ ಇದೆ. ನಾವು ಆ ಹಬ್ಬವನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು.

ನಮಗೆ ಹತ್ತಿರವಾದದ್ದು ಅದೇ ದ್ವೀಪದಲ್ಲಿ, ಹೊಬಾರ್ಟಿನ ದಕ್ಷಿಣಕ್ಕಿರುವ ಹ್ಯೂಆನ್ ಕಣಿವೆಯಲ್ಲಿ ಜುಲೈ ತಿಂಗಳಿನಲ್ಲಿ ನಡೆಯುವ ಹಬ್ಬ. ಅದು ಸೇಬು ಬೆಳೆಗಾರರ ನಾಡು. ಟಾಸ್ಮೇನಿಯಾದ ಸೇಬು ಬಹಳ ಕಾಲ ಹಡಗಿನಲ್ಲಿ ಬ್ರಿಟನ್ನಿಗೆ ಹೋಗುತ್ತಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದಾಗ ಈ ಸೇಬಿಗಿದ್ದ ಬ್ರಿಟನ್ನಿನ ಮಾರುಕಟ್ಟೆ ಕುಸಿಯಿತು. ಗಿಡಗಳನ್ನು ಕಿತ್ತುಹಾಕಲು ಸರ್ಕಾರವೇ ಬೆಳೆಗಾರರಿಗೆ ಹಣ ಕೊಡುವ ಸ್ಥಿತಿ ಬಂದಿತು. ತೋಟ ಉಳಿಸಿಕೊಂಡವರಲ್ಲಿ ಕೆಲವರು ಮುಂದೆ ಸೇಬಿನ ರಸ ಹುದುಗಿಸಿ ಮದ್ಯ ಮಾಡುವುದು, ತೋಟದ ಬಾಗಿಲಿನಲ್ಲಿಯೇ ಮಾರುವುದು, ಜನರನ್ನು ತೋಟಕ್ಕೇ ಕರೆಯುವುದು ಹೀಗೆ ಬೇರೆ ದಾರಿಗಳನ್ನು ಹಿಡಿದರು. ಈಗಿನ ಚಳಿಗಾಲದ ಹಬ್ಬದಲ್ಲಿ ಜನ ಎಲೆ ಉದುರಿದ ಸೇಬಿನ ಗಿಡಗಳ ಸುತ್ತ ನೆರೆದು, ಪಾತ್ರೆಗಳನ್ನು ಬಡಿದು ಸದ್ದು ಮಾಡಿ, ಬೇರಿಗೆ ಸೇಬಿನ ಮದ್ಯವನ್ನು ಸುರಿದು, ಟೊಂಗೆಗಳಿಗೆ ಸುಟ್ಟ ಬ್ರೆಡ್ಡನ್ನು ಸಿಕ್ಕಿಸಿ, ಮುಂದಿನ ಸುಗ್ಗಿ ಚೆನ್ನಾಗಿ ಬರಲಿ ಎಂದು ಹಾಡುತ್ತಾರೆ. ಇದು ಇಂಗ್ಲೆಂಡಿನ ಸೇಬಿನ ಸೀಮೆಗಳ ಹಳೆಯ ಪದ್ಧತಿ.

ಎಳ್ಳಮಾವಾಸ್ಯೆಯ ದಿನ ನಾವು ಚರಗ ಚೆಲ್ಲುವುದೂ ಇದೇ ಅಲ್ಲವೇ? ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಸಜ್ಜೆ ರೊಟ್ಟಿ, ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ಎಲ್ಲವನ್ನೂ ಮೊದಲು ಭೂಮಿತಾಯಿಗೆ ಉಣಿಸಿ, ಆಮೇಲೆ ಹೊಲದಲ್ಲಿಯೇ ಕುಳಿತು ನಾವು ಉಣ್ಣುತ್ತೇವೆ. ಅವರು ದೂರದ ದೇಶದ ಆಚರಣೆಯನ್ನು ತಂದು ಹಬ್ಬ ಕಟ್ಟಿದ್ದಾರೆ. ನಮ್ಮಲ್ಲಿ ಆಚರಣೆ ಎಂದೂ ನಿಂತಿಲ್ಲ. ಆದ್ದರಿಂದ ತಾವು ಮಾಡುವ ಹಬ್ಬ ಚರಗ ಮತ್ತು ಸೀತನಿಯ ಮೇಲೆಯೇ ನಿಲ್ಲಲಿ. ಅಮಾವಾಸ್ಯೆಯ ದಿನ ಮಾತ್ರ ಮನೆಯವರಿಗೇ ಇರಲಿ. ಅಂದು ಯಾರೂ ಮಾರಾಟಕ್ಕೆ ಕೂಡುವುದಿಲ್ಲ, ಕೂಡಲೂಬಾರದು. ಅದರ ನಂತರದ ಭಾನುವಾರಗಳು ಇದಕ್ಕೆ ತಕ್ಕ ದಿನಗಳು.

ಹೊಬಾರ್ಟಿನ ಸಂತೆಗಳಿಂದಲೂ ಕಲಿಯುವುದಿದೆ. ಅಲ್ಲಿಯ ಸಲಮಾಂಕಾ ಸಂತೆ 1972ರಿಂದ ಪ್ರತಿ ಶನಿವಾರ, ಚಳಿಗಾಲವನ್ನೂ ಬಿಡದೆ, ನಡೆಯುತ್ತಿದೆ. ಭಾನುವಾರದ ಫಾರ್ಮ್ ಗೇಟ್ ಸಂತೆಯಲ್ಲಿ ಬೆಳೆದವರು, ಮಾಡಿದವರು ತಾವೇ ನಿಂತು ಮಾರುತ್ತಾರೆ. ಕೊಂಡು ತಂದು ಮಾರುವವರಿಗೆ ಜಾಗವಿಲ್ಲ ಎಂಬ ಈ ಒಂದು ನಿಯಮವನ್ನು ನಾವು ಮೊದಲ ವರ್ಷವೇ ಕಟ್ಟುನಿಟ್ಟಾಗಿ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಆಟಿಕೆ, ಗೋಬಿ ಮಂಚೂರಿ, ಐಸ್‌ಕ್ರೀಂ ಗಾಡಿಗಳಿಗೆ ಒಮ್ಮೆ ಜಾಗ ಕೊಟ್ಟರೆ ಎರಡನೆಯ ವರ್ಷ ಅವೇ ಮುಂದಿನ ಸಾಲಿನಲ್ಲಿರುತ್ತವೆ, ಸೀತನಿ ಹಿಂದಿನ ಮೂಲೆಗೆ ಸರಿಯುತ್ತದೆ. ಬಾಡಿಗೆಯ ಆಸೆಗೆ ಇದರಲ್ಲಿ ಸಡಿಲಿಕೆ ಬೇಡ.

ಇನ್ನು ಬೆಳೆಯ ವಿಷಯ. ಇಡೀ ಹಬ್ಬದ ಗೆಲುವು ಇದರ ಮೇಲೆ ನಿಂತಿದೆ, ಮತ್ತು ಇದನ್ನು ಈಗಲೇ, ಹೊಲದಲ್ಲಿ ಹೆಸರುಕಾಳಿನ ಬೆಳೆ ಇರುವಾಗಲೇ ಯೋಚಿಸಬೇಕು. ಸೀತನಿಗೆ ಜೋಳದ ಕಾಳು ಹಾಲು ದಾಟಿ ಹಿಟ್ಟಾಗುವ ಮೊದಲ ಹಂತದಲ್ಲಿರಬೇಕು. ಉಗುರಿನಿಂದ ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಎಳೆಯದು. ಉಗುರು ಇಳಿದು, ಒಳಗಿನದು ಮೆತ್ತಗೆ ಕಣಕದಂತೆ ಉಳಿದರೆ ಸರಿಯಾಗಿದೆ. ಉಗುರು ಇಳಿಯದಿದ್ದರೆ ಕಾಲ ಮೀರಿತು. ಒಂದು ಹೊಲದಲ್ಲಿ ಈ ಹಂತ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ. ಎರಡು ಮೂರು ಭಾನುವಾರ ಜನರನ್ನು ಕರೆಯಬೇಕೆಂದಿದ್ದರೆ ಬಿತ್ತನೆಯನ್ನು ಮೂರು ತುಂಡುಗಳಲ್ಲಿ, ಎಂಟು ಹತ್ತು ದಿನಗಳ ಅಂತರದಿಂದ ಮಾಡಬೇಕಾಗುತ್ತದೆ. ಮೊದಲ ತುಂಡನ್ನು ಉತ್ತರಿ ಮಳೆಗೆ (ಸೆಪ್ಟೆಂಬರ್ ಮಧ್ಯದ ನಂತರ), ಉಳಿದವನ್ನು ಹಸ್ತ ಮಳೆಯೊಳಗೆ (ಅಕ್ಟೋಬರ್ ಮೊದಲ ವಾರದ ಹೊತ್ತಿಗೆ) ಮುಗಿಸುವುದು ಒಳ್ಳೆಯದು. ಅದರ ಮುಂದಿನ ಚಿತ್ತಿ ಮಳೆಯ ನಂತರಕ್ಕೆ ತಳ್ಳಿದರೆ ಭೂಮಿಯ ಹಸಿ ಕಡಿಮೆಯಾಗುವುದರ ಜೊತೆಗೆ ಎಳೆ ಪೈರಿನ ಸುಳಿ ಒಣಗಿಸುವ ಸುಳಿನೊಣದ ಕಾಟವೂ ಹೆಚ್ಚುತ್ತದೆ.

ಎಷ್ಟು ಜಾಗ ಬೇಕು ಎಂಬ ಲೆಕ್ಕ ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಅಂತರವಿದ್ದರೆ ಒಂದು ಗುಂಟೆಯಲ್ಲಿ ಸುಮಾರು 1,500 ಗಿಡಗಳು ನಿಲ್ಲುತ್ತವೆ. ಒಬ್ಬರಿಗೆ ಐದು ತೆನೆ ಎಂದು ಹಿಡಿದರೆ 200 ಜನರಿಗೆ 1,000 ತೆನೆಗಳು ಸಾಕು. ಹಕ್ಕಿ ತಿಂದದ್ದು, ಹದಕ್ಕೆ ಬಾರದ್ದು, ಸಣ್ಣ ತೆನೆ ಎಲ್ಲವನ್ನೂ ಕಳೆದರೂ ಒಂದು ಭಾನುವಾರಕ್ಕೆ ಎರಡು ಗುಂಟೆ ಧಾರಾಳ. ಅಂದರೆ ಮೂರು ಭಾನುವಾರಗಳಿಗೆ ಆರು ಗುಂಟೆ ತೆಗೆದಿಟ್ಟರೆ ಸಾಕು, ಉಳಿದ ಹೊಲ ಎಂದಿನಂತೆ ಕಾಳಿಗೇ ಇರಲಿ. ಆ ಆರು ಗುಂಟೆಗೆ ತೆನೆ ಹೊರಬಿದ್ದ ಮೇಲೆ ಯಾವ ಔಷಧಿಯನ್ನೂ ಹೊಡೆಯಬಾರದು. ಕಾಳನ್ನು ತೊಳೆಯದೆ, ಬರೀ ಸುಟ್ಟು ತಿನ್ನುವ ಪದಾರ್ಥ ಇದು. ಗಿಳಿ ಮತ್ತು ಗುಬ್ಬಿಗಳು ಈ ಹಾಲುಗಾಳನ್ನೇ ಹುಡುಕಿಕೊಂಡು ಬರುವುದರಿಂದ ಬೆಳಿಗ್ಗೆ ಮತ್ತು ಸಂಜೆ ಕಾಯಲು ಒಬ್ಬರು ಇರಬೇಕು.

ತಳಿಯ ವಿಷಯದಲ್ಲಿ, ಕಾಳಿಗೆಂದು ಬೆಳೆಯುವ ಮಾಲದಂಡಿ ಜೋಳದ ಎಳೆ ತೆನೆಯೂ ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಸೀತನಿಗೆಂದೇ ಹಿರಿಯರು ಉಳಿಸಿಕೊಂಡು ಬಂದ ಸಕ್ಕರಿ ಮುಕ್ಕರಿ ಜೋಳದ ಸಿಹಿ ಅದಕ್ಕೆ ಬರುವುದಿಲ್ಲ. ಪೇಟೆಯಿಂದ ಬಂದವರು ಎರಡನ್ನೂ ಒಂದೇ ತಟ್ಟೆಯಲ್ಲಿ ತಿಂದು ನೋಡುವಂತಾದರೆ ನಾಟಿ ತಳಿಯ ಬೆಲೆ ಅವರಿಗೆ ತಾನಾಗಿಯೇ ತಿಳಿಯುತ್ತದೆ. ತೆನೆಗಳನ್ನು ಅಂದೇ ಬೆಳಿಗ್ಗೆ ಕೊಯ್ಯಬೇಕು. ಹಿಂದಿನ ದಿನ ಕೊಯ್ದಿಟ್ಟರೆ ಸಿಹಿ ಇಳಿಯುತ್ತದೆ.

ಸುಡುವುದಕ್ಕೆ ನೆಲದಲ್ಲಿ ಮೊಣಕಾಲಿನ ಆಳದ ಕುಣಿ ತೋಡಿ ಸಗಣಿಯ ಕುಳ್ಳಿನ ಬೆಂಕಿ ಮಾಡಿ, ಜ್ವಾಲೆ ಆರಿ ಕೆಂಡ ಮತ್ತು ಬಿಸಿ ಬೂದಿ ಉಳಿದಾಗ ತೆನೆಗಳನ್ನು ಒಳಗೆ ಹುಗಿಯಬೇಕು. ಜ್ವಾಲೆಯಲ್ಲಿ ಹಿಡಿದರೆ ಹೊರಗೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಬಿಸಿ ಇರುವಾಗಲೇ ಗೋಣಿತಟ್ಟಿನ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ, ಕೈಯಿಂದ ಕೈಗೆ ಕೊಡಬೇಕು. ಸೀತನಿ ಆರಿದರೆ ಅರ್ಧ ರುಚಿ ಹೋಯಿತು; ಆದ್ದರಿಂದ ಒಂದು ದೊಡ್ಡ ಕುಣಿಗಿಂತ ನಾಲ್ಕು ಸಣ್ಣ ಕುಣಿಗಳು, ಪ್ರತಿಯೊಂದಕ್ಕೂ ಕೈ ಪಳಗಿದ ಇಬ್ಬರು ಹೆಣ್ಣುಮಕ್ಕಳು ಇರುವುದು ಮೇಲು. ಅವರಿಗೆ ಅಂದಿನ ಕೂಲಿಯನ್ನು ಪೂರ್ತಿಯಾಗಿ, ಲಾಭ ಬಂದರೂ ಬರದಿದ್ದರೂ ಕೊಡತಕ್ಕದ್ದು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ, ಒಣಕೊಬ್ಬರಿ, ಗಟ್ಟಿ ಮೊಸರು ಇದ್ದರೆ ತಟ್ಟೆ ತುಂಬಿತು. ಹಸಿಕಡಲೆ ಸಿಕ್ಕುವ ಕಾಲವಾದ್ದರಿಂದ ಸುಲಗಾಯಿಯನ್ನೂ ಗಿಡಸಮೇತ ಅದೇ ಕೆಂಡದಲ್ಲಿ ಸುಡಬಹುದು. ಊಟ ಪತ್ರೋಳಿಯಲ್ಲಿಯೇ (ಎಲೆಯ ತಟ್ಟೆ) ಆಗಲಿ.

ಬೆಂಕಿಯ ಬಗ್ಗೆ ಎಚ್ಚರ ಅತ್ಯಗತ್ಯ. ಟಾಸ್ಮೇನಿಯಾದವರು ಒದ್ದೆಯಾದ ಚಳಿಯಲ್ಲಿ ಬೆಂಕಿ ಹಾಕುತ್ತಾರೆ. ನಮ್ಮ ಚಳಿಗಾಲ ಒಣಗಾಲ. ಮೂಡಗಾಳಿ ಬೀಸುವ ದಿನಗಳಲ್ಲಿ ಒಂದು ಕಿಡಿ ಜೋಳದ ಒಣಗಿದ ಎಲೆಗೆ, ಅಂದರೆ ರವದಿಗೆ, ಬಿದ್ದರೆ ಪಕ್ಕದವರ ಬಣವೆಯೂ ಉಳಿಯುವುದಿಲ್ಲ. ಕುಣಿಗಳನ್ನು ಬಣವೆ ಮತ್ತು ನಿಂತ ಬೆಳೆಯಿಂದ ದೂರ, ಪೂರ್ತಿ ಕೆತ್ತಿ ಸ್ವಚ್ಛ ಮಾಡಿದ ಕಣದಲ್ಲಿ ತೋಡಬೇಕು. ನೀರಿನ ಟ್ಯಾಂಕರ್ ಮತ್ತು ಮರಳಿನ ಚೀಲಗಳು ಮೊದಲ ತೆನೆ ಸುಡುವ ಮುನ್ನವೇ ಬಂದಿರಬೇಕು. ಇದೇ ಕಾರಣಕ್ಕೆ ರಾತ್ರಿಯ ಹಬ್ಬವನ್ನು ನಾನು ಒಪ್ಪುವುದಿಲ್ಲ. ಅವರಿಗೆ ಕತ್ತಲೆ ಅನಿವಾರ್ಯ, ನಮಗೆ ಡಿಸೆಂಬರಿನಲ್ಲಿಯೂ ಹನ್ನೊಂದು ಗಂಟೆಗಿಂತ ಹೆಚ್ಚು ಹಗಲಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಇಟ್ಟುಕೊಂಡರೆ ಮಕ್ಕಳು, ವಯಸ್ಸಾದವರು ನಿಶ್ಚಿಂತೆಯಿಂದ ಬಂದು ಹೋಗಬಹುದು.

ಮಾರಾಟಕ್ಕೆ ನಮ್ಮ ಸೀಮೆಯಲ್ಲಿ ಆ ತಿಂಗಳು ಸಿಗುವ ಪದಾರ್ಥಗಳು ಕಡಿಮೆಯೇನಲ್ಲ: ನವಲೂರಿನ ಪೇರಲ, ಜವೆಗೋಧಿ, ಕುಸುಬೆಯ ಗಾಣದ ಎಣ್ಣೆ, ಮನೆಯಲ್ಲಿ ಬಡಿದ ಖಡಕ್ ರೊಟ್ಟಿ, ಹೊಸ ಬ್ಯಾಡಗಿ ಮೆಣಸಿನಕಾಯಿ. ಮೆಣಸಿನಕಾಯಿಯ ಬಗ್ಗೆ ಒಂದು ಮಾತು ಹೇಳಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರ ನಡೆಯುವುದರಿಂದ ನಮ್ಮ ಭಾನುವಾರಕ್ಕೆ ಅಡ್ಡಿಯಿಲ್ಲ; ಚೀಲಗಟ್ಟಲೆ ಅಲ್ಲಿಗೆ ಒಯ್ಯುವವರು ಆರಿಸಿದ ಡಬ್ಬಿ ತಳಿಯ ಕಾಯಿಯನ್ನು ಅರ್ಧ ಕಿಲೋ ಪೊಟ್ಟಣಗಳಲ್ಲಿ ಇಲ್ಲಿ ಇಡಬಹುದು. ಪೇಟೆಯ ಗೃಹಿಣಿಯರಿಗೆ ಡಬ್ಬಿ, ಕಡ್ಡಿ ಎರಡರ ಬಣ್ಣ ಮತ್ತು ಖಾರದ ವ್ಯತ್ಯಾಸವನ್ನು ಬೆಳೆದವರೇ ವಿವರಿಸಿದರೆ ಆ ಗಿರಾಕಿ ಮುಂದೆ ನೇರವಾಗಿ ಮನೆಗೇ ಫೋನ್ ಮಾಡುತ್ತಾರೆ.

ಸಂಘಟನೆಯನ್ನು ಒಬ್ಬರ ಹೆಸರಿನಲ್ಲಿ ಮಾಡಬೇಡಿ. 1905ರಲ್ಲಿಯೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದ ಸೀಮೆ ಇದು. ಐದಾರು ಹೊಲದವರು ಮತ್ತು ಊರಿನ ಸ್ತ್ರೀಶಕ್ತಿ ಗುಂಪುಗಳು ಕೂಡಿ ಖರ್ಚು, ಆದಾಯ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಜಗಳಕ್ಕೆ ಆಸ್ಪದವಿರುವುದಿಲ್ಲ. ತಾತ್ಕಾಲಿಕ ಅಂಗಡಿ ಇಟ್ಟು ಆಹಾರ ಮಾರುವವರಿಗೂ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಅವಶ್ಯಕ. ಅಡುಗೆ ಮಾರುವ ಗುಂಪುಗಳು ಅದನ್ನು ನವೆಂಬರಿನೊಳಗೆ ಮಾಡಿಸಿಕೊಳ್ಳಲಿ. ಸ್ಥಳೀಯ ಆಡಳಿತಕ್ಕೆ ಮತ್ತು ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ತಟ್ಟೆಗೆ ಇಷ್ಟು ಎಂದು ಮುಂಗಡ ಚೀಟಿ ಕೊಟ್ಟು ಜನರ ಸಂಖ್ಯೆಯನ್ನು ಮಿತಿಯಲ್ಲಿಡಿ. ಎರಡು ನೂರು ಜನಕ್ಕೆ ಸಿದ್ಧತೆ ಮಾಡಿ ಎರಡು ಸಾವಿರ ಜನ ಬಂದರೆ ಬೆಳೆಯೂ ತುಳಿತಕ್ಕೆ ಸಿಗುತ್ತದೆ, ಹೆಸರೂ ಕೆಡುತ್ತದೆ. ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಇಲ್ಲದೆ ಯಾರನ್ನೂ ಕರೆಯಬೇಡಿ. ವಾಹನಗಳನ್ನು ಎರಿಯೊಳಗೆ ಬಿಡಬಾರದು. ಚಂಡಮಾರುತದ ಒಂದು ಅಕಾಲ ಮಳೆ ಬಂದರೂ ಕಾರುಗಳನ್ನು ಟ್ರ್ಯಾಕ್ಟರಿನಿಂದ ಎಳೆಯಬೇಕಾಗುತ್ತದೆ. ಅಣ್ಣಿಗೇರಿ ಹುಬ್ಬಳ್ಳಿ–ಗದಗ ರೈಲು ಮಾರ್ಗದಲ್ಲಿಯೇ ಇರುವುದರಿಂದ, ರೈಲಿನ ವೇಳೆಗೆ ನಿಲ್ದಾಣದಿಂದ ಹೊಲಕ್ಕೆ ಎರಡು ಟ್ರ್ಯಾಕ್ಸ್ ಜೀಪು ಓಡಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಬಂದವರು ಹೋಗುವಾಗ ಅಮೃತೇಶ್ವರ ಗುಡಿಯನ್ನೂ ನೋಡಿಕೊಂಡು ಹೋಗಬಹುದು.

ತೆನೆ ಕೊಯ್ದ ದಂಟನ್ನು ಹಸಿಮೇವಾಗಿ ದನಗಳಿಗೆ ಹಾಕಬಹುದು. ಆದರೆ ಕೊಯ್ದ ಕೂಳೆಯಿಂದ ಮತ್ತೆ ಒಡೆಯುವ ಎಳೆ ಚಿಗುರಿನಲ್ಲಿ ಸಯನೈಡ್ ವಿಷ ಉಂಟಾಗುವುದರಿಂದ ಆ ಆರು ಗುಂಟೆಗೆ ದನ, ಕುರಿಗಳನ್ನು ಮೇಯಲು ಬಿಡದೆ, ಹಬ್ಬ ಮುಗಿದ ವಾರದಲ್ಲಿಯೇ ಹರಗಿಬಿಡಿ.

ನನ್ನಲ್ಲಿ ಸಕ್ಕರಿ ಮುಕ್ಕರಿಯ ಬೀಜ ಆರಿಸಿ ಇಟ್ಟದ್ದು ಇದೆ. ಎಕರೆಗೆ ಮೂರು ಕಿಲೋ ಬೀಜದ ಲೆಕ್ಕದಲ್ಲಿ ಆರು ಗುಂಟೆಗೆ ಅರ್ಧ ಕಿಲೋ ಸಾಕಾಗುತ್ತದೆ. ಈ ಗುಂಪಿನಲ್ಲಿ ಯಾರು ಯಾರು ಕೂಡುತ್ತೀರಿ, ಯಾರ ಹೊಲ ರಸ್ತೆಗೆ ಹತ್ತಿರವಿದೆ ಎಂಬುದನ್ನು ಗಣೇಶ ಚೌತಿಯೊಳಗೆ ತಿಳಿಸಿದರೆ ಉತ್ತರಿ ಮಳೆ ಹಿಡಿಯುವ ಮೊದಲೇ ಬೀಜವನ್ನು ತಲುಪಿಸುತ್ತೇನೆ.